ಒಂದು ಹಿಡಿ ಜೋಳ

ಬಾಲಾನಗರ, ಹೈದರಾಬಾದ್
೧೬ ಜನವರಿ ೨೦೨೪

ಅಕ್ಕಾ,

ನಿನ್ನ ಕಾಲಿಗೆ ಬಿದ್ದೆ ಅಂತ ತಿಳಿದುಕೋ. ಸೊಂಟ ಬಗ್ಗುವುದಿಲ್ಲ, ಅದಕ್ಕೆ ಕಾಗದದ ಮೇಲೇ ಬೀಳುತ್ತಿದ್ದೇನೆ. ನಿನ್ನ ಕಿವಿ ಕೈಕೊಟ್ಟ ಮೇಲೆ ಫೋನಿನಲ್ಲಿ ನಾನು ಕಿರುಚುವುದು, ನೀನು "ಯಾರ್ರೀ? ಗ್ಯಾಸಿನವರೇನು?" ಅನ್ನುವುದು ಸಾಕಾಗಿಹೋಗಿತ್ತು. ರಾಯಚೂರಿಗೆ ಕಾಗದ ನಾಲ್ಕು ದಿನಕ್ಕೆ ಬಂದರೂ ಬರಲಿ, ಬೈಗುಳವಾದರೂ ಪೂರ್ತಿ ತಲುಪುತ್ತದೆ.

ಮೊದಲು ನನ್ನ ಜಂಭ ಕೇಳು. ದೇವದುರ್ಗದ ಕಡೆಯ ಹುಸೇನಮ್ಮ ಅಂತ ಒಬ್ಬಳು, ಮಾದಾಪುರದಲ್ಲಿ ಕಟ್ಟಡದ ಕೆಲಸಕ್ಕಿದ್ದಾಳೆ, ಮಗನನ್ನು ಎತ್ತಿಕೊಂಡು ದವಾಖಾನೆಗೆ ಬಂದಳು. "ಎಲ್ಲಾ ಡಾಕ್ಟರ್ ಆದ್ರುರಿ ಸಾಹೇಬ್ರ, ಕೆಮ್ಮ ಹೋಗವಲ್ದು." ನಾನು ಎದೆಗೆ ಕೊಳವೆ ಇಡುವ ಮೊದಲೇ ಕೇಳಿದೆ, "ಒಲಿ ಎಲ್ಲಿ ಹಚ್ಚತಿ?" "ಶೆಡ್ಡಿನ್ಯಾಗರಿ. ಅಲ್ಲೇ ಮಗ್ಗಲಕ್ಕ ಕೂಸು ಮಲಗತೈತ್ರಿ." ಔಷಧ ಬರೆಯಲಿಲ್ಲ, ಒಲೆ ಹೊರಗಿಡು ಅಂದೆ. ನಿನ್ನೆ ಬಂದು ಎಳ್ಳುಬೆಲ್ಲ ಕೊಟ್ಟು ಹೋದಳು. ಕೆಮ್ಮುವ ಮಗುವಿನ ಎದೆ ನೋಡುವ ಮೊದಲು ಅದರ ಮನೆ ನೋಡಬೇಕು. ಇಷ್ಟು ವರ್ಷ ಇದೊಂದೇ ಮಾತಿನ ಮೇಲೆ ಹೊಟ್ಟೆ ಹೊರೆದಿದ್ದೇನೆ ನಾನು.

ಲಹರಿಯ ಸುದ್ದಿ. ಹಬ್ಬಕ್ಕೆ ಕಾಲೊನಿಯವರೆಲ್ಲ ಗಾಳಿಪಟ ಹಾರಿಸುತ್ತಿದ್ದರೆ ಇವಳು ಮನೆಮನೆಗೆ ಹೋಗಿ, "ನಮ್ ಕಡಿ ಬಿಡಬ್ಯಾಡ್ರಿ ಅಂಕಲ್, ಪಾರಿವಾಳಕ್ಕ ಮಾಂಜಾ ಸುತ್ತಕೋತದ" ಅಂತ ಹೇಳಿ ಬಂದಳು. ಏಳು ವರ್ಷದ ಪೋರಿ! ಆದರೆ ಅವಳಿಗೆ ಆ ಹಕ್ಕಿಗಳೆಂದರೆ ಪ್ರಾಣವಾಗಬೇಕಾದದ್ದೇ ಅಲ್ಲವೇ? ತಿಂಗಳು ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ, ಮಕ್ಕಳ ಡಾಕ್ಟರಾದ ನಾನೇ ಮೊಮ್ಮಗಳ ಆಸೆ ಬಿಟ್ಟು ಬೆಂಚಿನ ಮೇಲೆ ಕೂತಿದ್ದೆ. ನೀನು ಮಂತ್ರಾಲಯದಲ್ಲಿ ರಾಯರ ಮುಂದೆ ಸೆರಗೊಡ್ಡಿ ಹರಕೆ ಹೊತ್ತೆ. ಕೂಸು ತಾನಾಗಿ ಉಸಿರಾಡಿದರೆ ಅದರ ಕೈಯಿಂದಲೇ ದಿನಾ ಪಾರಿವಾಳಕ್ಕೆ ಒಂದು ಹಿಡಿ ಜೋಳ ಹಾಕಿಸುತ್ತೇನೆ ಅಂತ. ಉಸಿರಾಡಿತು.

ಆ ಸೇವೆಯಲ್ಲಿ ನನ್ನದೂ ಪಾಲಿರಲಿ ಅಂತ ಈ ಸಲ ಒಂದು ಕೆಲಸ ಮಾಡಿದ್ದೇನೆ. ನನ್ನ ಮರಗೆಲಸದ ಹುಚ್ಚು ನಿನಗೆ ಗೊತ್ತು. ಇಲ್ಲಿನ ವರ್ಕ್‌ಶಾಪಿನವರು ಬಿಸಾಡುವ ಪೆಟ್ಟಿಗೆಯ ಹಲಗೆ ತಂದು, ಲಹರಿಯ ಕೋಣೆಯ ಕಿಟಕಿಗೆ ಹೊಂದಿಕೊಂಡ ಬಾಲ್ಕನಿಯಲ್ಲಿ ಗೂಡು ಕಟ್ಟಿದೆ. ಸಣ್ಣ ಸಣ್ಣ ಕಮಾನು, ಮೇಲೆ ಗೋಪುರ. ಈಗ ಅಲ್ಲೇ ಮೊಟ್ಟೆ ಇಟ್ಟು ಸಂಸಾರ ಹೂಡಿವೆ. ಅವುಗಳ ಗುಟುರಿಗೇ ಲಹರಿಗೆ ಬೆಳಗಾಗುತ್ತದೆ. ಪರದೆಯ ತುಂಬ ಪುಕ್ಕದ ಧೂಳು ಅಂತ ಸೊಸೆ ಶ್ರೀವಿದ್ಯಾಳ ಗೊಣಗಾಟ ಇದ್ದದ್ದೇ.

ಮಗುವಿಗೆ ಚಳಿಗೆ ತುಸು ಕೆಮ್ಮು. ಜನವರಿಯಲ್ಲಿ ಕೆಮ್ಮದ ಮಗು ಈ ಊರಲ್ಲಿ ಎಲ್ಲಿದೆ?

ನಿನ್ನ ತಮ್ಮ
ಹನುಮಂತ

*

ರಾಯಚೂರು
೪ ಫೆಬ್ರವರಿ ೨೦೨೪

ಹನುಮಂತ,

ದೊಡ್ಡ ಡಾಕ್ಟರ್ ಹನುಮಂತರಾಯರು ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಳ್ಳಲಿ, ಆಮೇಲೆ ಕಾಗದದ ಮೇಲೆ ಬೀಳಲಿ. ಗೂಡಿನ ಫೋಟೋ ಅರವಿಂದ ನೆರೆಮನೆಯ ವಿಜಯಕುಮಾರನ ಫೋನಿಗೆ ಕಳಿಸಿದ್ದ. ಮಗ ಕಳಿಸಿದ, ಅಪ್ಪ ಕಳಿಸಲಿಲ್ಲ. ಭಾಳ ಛಂದ ಮಾಡೀ. ಕಣ್ಣಲ್ಲಿ ನೀರು ಬಂತು.

ಆದರೆ ಕೆಮ್ಮಿನ ಮಾತನ್ನು ಪತ್ರದ ಬಾಲಕ್ಕೆ ಕಟ್ಟಿದ್ದೀಯಲ್ಲ, ಅದು ನನಗೆ ಸರಿಬರಲಿಲ್ಲ. ಜೀವನವಿಡೀ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಯಾವುದು ಹೆಚ್ಚು ಕಾಡುತ್ತದೋ ಅದನ್ನೇ ಎಲ್ಲರೂ ಕೊನೆಗೆ, ಚಿಕ್ಕದಾಗಿ ಬರೆಯುತ್ತಾರೆ. ನೀನು ಮೊದಲಿನಿಂದ ಹಾಗೇ.

ಒಂದು ಕೇಳುತ್ತೇನೆ, ಸಿಟ್ಟಾಗಬೇಡ. ಹರಕೆ ಒಂದು ದಿನವಾದರೂ ತಪ್ಪಿತೇನು? ಕೊಟ್ಟ ಮಾತು ದೇವರು ಮರೆಯುವುದಿಲ್ಲ, ನಾವು ಮರೆಯುತ್ತೇವೆ. ಮಗುವಿಗೆ ದೃಷ್ಟಿ ತೆಗೆಸು. ಶ್ರೀವಿದ್ಯಾ ನಗುತ್ತಾಳೆ ಅಂತ ಬಿಡಬೇಡ.

ಕಮಲಕ್ಕ

*

ಬಾಲಾನಗರ
೩೦ ಮಾರ್ಚ್ ೨೦೨೪

ಅಕ್ಕಾ,

ತಡವಾಯಿತು. ಯುಗಾದಿಗೆ ಬರುತ್ತೇವೆ ಅಂದಿದ್ದೆ, ಆಗುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಹೌದು, ಒಂದು ದಿನ ತಪ್ಪಿತ್ತು. ಶ್ರೀವಿದ್ಯಾಳ ಆಫೀಸಿನ ಗೆಳತಿಯ ಮಗಳ ಹುಟ್ಟುಹಬ್ಬಕ್ಕೆಂದು ತಾಯಿ ಮಗಳು ಬೆಳಗ್ಗೆಯೇ ಮಾದಾಪುರಕ್ಕೆ ಹೋಗಿ ಕತ್ತಲಾದ ಮೇಲೆ ಬಂದರು. ನಾನು ನಿನ್ನ ಪ್ರಶ್ನೆಯನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದಬಾರದಿತ್ತು. ಲಹರಿ ತಟ್ಟೆ ಸರಿಸಿ ಅತ್ತಳು. "ಅದಕ್ಕೇ ನನಗ ಕೆಮ್ಮು ಬಂದದ ಅಜ್ಜಾ" ಅಂದಳು. ಸಮಾಧಾನ ಮಾಡಿದೆವು. ಅಂದಿನಿಂದ ಎದ್ದ ಕೂಡಲೇ, ಹಲ್ಲುಜ್ಜುವುದಕ್ಕೂ ಮೊದಲು, ಗೂಡಿನ ಮುಂದೆ ನಿಂತಿರುತ್ತಾಳೆ.

ಕೆಮ್ಮು ಹೋಗಿಲ್ಲ. ರಸ್ತೆ ಅಗೆದಿದ್ದಾರೆ, ಆ ಧೂಳು ಅಂದುಕೊಂಡೆ. ಉಬ್ಬಸದ ಪಂಪು ಕೊಟ್ಟೆ, ನಾಲ್ಕು ದಿನ ಹಗುರಾಗಿ ಮತ್ತೆ ಅದೇ. ಸಂಜೆ ಸಣ್ಣ ಜ್ವರ. ನಮ್ಮವರಿಗೆ ನಾವೇ ಔಷಧ ಕೊಡಬಾರದೆಂದು ಚಂದ್ರಕಾಂತನ ಹತ್ತಿರ ಕರೆದೊಯ್ದೆ. ನನ್ನ ಕೈಕೆಳಗೆ ಕಲಿತ ಹುಡುಗ, ಈಗ ಎದೆರೋಗದ ದೊಡ್ಡ ವೈದ್ಯ. ಎಲ್ಲ ಕೇಳಿದ. ಮನೆಯಲ್ಲಿ ಯಾರಾದರೂ ಸಿಗರೇಟು? ಇಲ್ಲ. ನಾಯಿ, ಬೆಕ್ಕು? ಇಲ್ಲ. "ಹಕ್ಕಿ ಸಾಕೀರೇನ್ರಿ ಸರ್?" ಅಂದ. ಇಲ್ಲ ಅಂದೆ. ನನಗೆ ನಗು ಬಂತು. ಹಳೇ ಶಹರದ ಮಾಳಿಗೆಗಳಲ್ಲಿ ಕಬೂತರ್ ಹಾರಿಸುವ ಶೋಕಿಯವರನ್ನು ನೆನೆಸಿಕೊಂಡು ಕೇಳಿದ್ದಾನೆ, ನಮ್ಮದು ರಾಯರ ಭಕ್ತರ ಮನೆ ಅಂತ ಗೊತ್ತಿದ್ದೂ.

ಅವನೂ ಉಬ್ಬಸವೇ ಇರಬೇಕು, ನೋಡೋಣ ಅಂದಿದ್ದಾನೆ. ಬೇಸಿಗೆ ರಜೆಗೆ ಮಗುವನ್ನು ನಿನ್ನ ಹತ್ತಿರ ಕಳಿಸುತ್ತೇನೆ.

ಹನುಮಂತ

*

ರಾಯಚೂರು
೨೬ ಮೇ ೨೦೨೪

ಹನುಮಂತ,

ಕೂತಿದ್ದರೆ ಎದ್ದು ನಿಂತು ಓದು. ನಿನ್ನ ಮೊಮ್ಮಗಳು ಕೆಮ್ಮುತ್ತಿಲ್ಲ! ಬಂದಾಗ ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಂಡ ಹುಡುಗಿ ಈಗ ಬಂಡೆಮ್ಮನ ಹಿಂದೆ ಕೇರಿಯೆಲ್ಲ ಓಡುತ್ತಾಳೆ. ನನ್ನ ಮನೆಗೆಲಸದ ಬಂಡೆಮ್ಮ ನಿನಗೆ ಗೊತ್ತಲ್ಲ, ಅವಳೇ ನನ್ನ ಕಿವಿಗೆ ಬಾಯಿಟ್ಟು ಅಂದಳು: "ಏನ್ ಹಾಕಿದ್ರಿ ಅಮ್ಮಾರ? ಕೂಸು ಬ್ಯಾರೇನೇ ಆಗೇದ."

ಏನು ಹಾಕಿದೆನೆಂದರೆ, ಮಂತ್ರಾಲಯದ ಮೃತ್ತಿಕೆ. ದಿನಾ ಬೆಳಗ್ಗೆ ನೀರಿನಲ್ಲಿ ಕದಡಿ ಒಂದು ಉದ್ಧರಣೆ ಚಮಚದಷ್ಟು. ನಿನ್ನ ಪಂಪು ಮೂಲೆಯಲ್ಲಿ ಬಿದ್ದಿದೆ. ಇಲ್ಲಿ ನಮ್ಮ ಮಾಳಿಗೆಗೆ ಹಕ್ಕಿ ಬರುವುದಿಲ್ಲವಲ್ಲ, ಅವಳ ಹಿಡಿ ಜೋಳವನ್ನು ದಿನಾ ದೇವರ ಮುಂದೆ ತೆಗೆದಿರಿಸಿ, ಮಠದ ಹಕ್ಕಿಗಳಿಗೆ ಹಾಕಲು ಅರ್ಚಕರ ಕೈಗೆ ಕೊಟ್ಟು ಕಳಿಸಿದೆವು. ಹರಕೆ ತಪ್ಪಿಲ್ಲ.

ರಾಯರು ಇಷ್ಟು ಮಾಡಿದ ಮೇಲೆ ನಾವು ಕೈ ಬಿಗಿ ಹಿಡಿಯಬಾರದು. ನಿಮ್ಮಲ್ಲಿಗೆ ಬಂದ ಮೇಲೆ ಎರಡು ಹೊತ್ತೂ ಹಾಕಲಿ, ಬೆಳಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ. ಗೂಡು ತೊಳೆಯುವ ಸೇವೆಯನ್ನೂ ಅವಳ ಕೈಯಿಂದಲೇ ಮಾಡಿಸು. ನಾನು ಮಾತು ಕೊಟ್ಟಾಗಿದೆ.

ಕಮಲಕ್ಕ

*

ಬಾಲಾನಗರ
೮ ಜುಲೈ ೨೦೨೪

ಅಕ್ಕಾ,

ನಿನ್ನ ಮಾತಿನಂತೆ ಎರಡು ಹೊತ್ತೂ ನಡೆದಿದೆ. ಭಾನುವಾರ ಲಹರಿ ಚಿಕ್ಕ ಪೊರಕೆ ಹಿಡಿದು ಗೂಡು ಗುಡಿಸುತ್ತಾಳೆ. ಹಕ್ಕಿಗಳು ಅವಳ ಭುಜದ ಮೇಲೆ ಕೂರುತ್ತವೆ. ಮಳೆಗಾಲಕ್ಕೆ ನೆನೆಯದಿರಲೆಂದು ಬಾಲ್ಕನಿಗೆ ಸುತ್ತ ಪ್ಲಾಸ್ಟಿಕ್ ಪರದೆ ಹಾಕಿದ್ದೇನೆ, ಈಗ ಗಾಳಿ ಆಡುವುದು ಕಿಟಕಿಯಿಂದ ಒಳಕ್ಕೆ ಮಾತ್ರ.

ಕೆಮ್ಮು ಮತ್ತೆ ಬಂದಿದೆ. ಬಂದ ವಾರಕ್ಕೇ ಬಂತು. ಈ ಸಲ ಬೇರೆ ಥರ, ಒಣ ಕೆಮ್ಮು. ತೂಕ ಇಳಿದಿದೆ. ಶಾಲೆಯ ಮೆಟ್ಟಿಲು ಹತ್ತುವಾಗ ಗೆಳತಿ ಚೀಲ ಹಿಡಿಯುತ್ತಾಳಂತೆ.

ಮೊನ್ನೆ ಉಗುರು ಕತ್ತರಿಸಲು ಅವಳ ಕೈ ತೆಗೆದುಕೊಂಡೆ. ಬೆರಳ ತುದಿ ಸ್ವಲ್ಪ ಉಬ್ಬಿದ ಹಾಗೆ ಕಂಡಿತು. ಬೇರೆಯವರ ಮಗುವಾಗಿದ್ದರೆ ಆ ಕ್ಷಣವೇ ತಾಯಿಯನ್ನು ಹೊರಗೆ ಕೂರಿಸಿ ತಂದೆಯ ಹತ್ತಿರ ಮಾತಾಡುತ್ತಿದ್ದೆ. ನಾನು ಅವಳ ಮುಷ್ಟಿ ಮಡಚಿ, "ನಾಳೆ ಕತ್ತರಿಸೋಣು ಪುಟ್ಟಾ" ಅಂದೆ.

ನಿನ್ನಲ್ಲಿ ಗುಣವಾದದ್ದು ಇಲ್ಲಿ ಯಾಕೆ ಹೀಗೆ? ಮೃತ್ತಿಕೆ ಕಳಿಸು.

ಹನುಮಂತ

*

ರಾಯಚೂರು
೧೯ ಜುಲೈ ೨೦೨೪

ಹನುಮಂತ,

ಮೃತ್ತಿಕೆ ಕಳಿಸಿದ್ದೇನೆ. ಉಗುರಿನ ಮಾತು ನನಗೆ ತಿಳಿಯಲಿಲ್ಲ, ಬಿಡಿಸಿ ಹೇಳಲೂ ಬೇಡ. ನೀನು ಅವಳ ಮುಷ್ಟಿ ಮಡಚಿದ್ದು ಓದಿದೆ, ಅದೇ ಸಾಕು.

ಏನೇ ಆಗಲಿ, ಸೇವೆ ನಿಲ್ಲಬಾರದು. ಕಷ್ಟ ಬಂದಾಗ ಬಿಡುವುದಕ್ಕೆ ಅದೇನು ಸಂಗೀತದ ಕ್ಲಾಸೇ? ಕೆಳಗಿನ ನಾಲ್ಕು ಸಾಲು ಲಹರಿಗೆ. ಅವಳೇ ಓದಲಿ.

ಮುದ್ದು ಲಹರಿ, ನೀನು ಹುಟ್ಟಿದಾಗ ನಿನ್ನ ಉಸಿರನ್ನು ರಾಯರು ಆ ಹಕ್ಕಿಗಳ ಕೈಲಿ ಕೊಟ್ಟು ಕಳಿಸಿದರು. ಅದಕ್ಕೇ ಅವಕ್ಕೆ ಕಾಳು ಹಾಕುವುದು. ಎಲ್ಲೇ ಇರು, ಏನೇ ಆಗಲಿ, ಒಂದು ದಿನವೂ ತಪ್ಪಿಸಬೇಡ. ಅವು ಉಂಡರೆ ನೀನು ಚೆನ್ನಾಗಿರುತ್ತೀ. ನಿನ್ನ ರಾಯಚೂರಜ್ಜಿ.

*

(ಅಂಚೆಗೆ ಹಾಕದೆ ಉಳಿದದ್ದು)

ಬಾಲಾನಗರ
೨೧ ಆಗಸ್ಟ್ ೨೦೨೪

ಅಕ್ಕಾ,

ಇವತ್ತು ರಾಯರ ಆರಾಧನೆ. ಚಂದ್ರಕಾಂತನನ್ನು ಊಟಕ್ಕೆ ಕರೆದಿದ್ದೆ. ಎಲೆ ಹಾಕಿ ಪಾಯಸ ಬಡಿಸಿದ್ದೆವು. ಲಹರಿ ಬಂದು, "ಅಂಕಲ್, ನನ್ ಪಾರಿವಾಳ ನೋಡ್ತೀರೇನು?" ಅಂತ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು. ಅವನು ವಾಪಸು ಬಂದಾಗ ಮುಖ ಬಿಳಿಚಿತ್ತು. ಎಲೆಯ ಮುಂದೆ ಕೂರಲಿಲ್ಲ.

"ಸರ್, ನಾ ಕೇಳಿದ್ದೆ ನಿಮಗ. ಹಕ್ಕಿ ಸಾಕೀರೇನು ಅಂತ ಕೇಳಿದ್ದೆ."

"ಸಾಕಿಲ್ಲಪ್ಪಾ, ಇದು ಸೇವೆ" ಅಂದೆ. ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಅಕ್ಕಾ, ಹಕ್ಕಿಯ ಹಿಕ್ಕೆ ಒಣಗಿ ಧೂಳಾಗುತ್ತದೆ, ಪುಕ್ಕದಿಂದಲೂ ಪುಡಿ ಉದುರುತ್ತದೆ. ಕೆಲವರ ಎದೆಗೆ ಅದು ಆಗುವುದಿಲ್ಲ. ದಿನಾ ಉಸಿರಾಡುತ್ತಿದ್ದರೆ ಶ್ವಾಸಕೋಶ ಬಾತು, ಕಲೆ ಕಟ್ಟಿ, ಒಣಗಿದ ಸ್ಪಂಜಿನ ಹಾಗೆ ಗಟ್ಟಿಯಾಗುತ್ತದೆ. ಈ ರೋಗ ನನಗೆ ಗೊತ್ತು. ಪರೀಕ್ಷೆಯಲ್ಲಿ ಬರೆದಿದ್ದೇನೆ, ಹುಡುಗರಿಗೆ ಪಾಠ ಮಾಡಿದ್ದೇನೆ. ಆದರೆ ಅದು ಪಾರಿವಾಳ ಸಾಕುವವರ ರೋಗ. ನಾವು ಸಾಕುವವರಲ್ಲವಲ್ಲ! ಅವು ರಾಯರ ಅತಿಥಿಗಳು, ನಾವು ಹರಕೆಯವರು. ಹುಸೇನಮ್ಮನ ಒಲೆ ಹೊರಗೆ ಹಾಕಿಸಿದ ನಾನು ಧೂಳಿನ ಗೂಡನ್ನು ಕೈಯಾರೆ ಕೆತ್ತಿ, ಬಣ್ಣ ಹಚ್ಚಿ, ಮೊಮ್ಮಗಳ ತಲೆದಿಂಬಿನ ಹತ್ತಿರ ಇಟ್ಟೆ. ಮೇಲೆ ಪ್ಲಾಸ್ಟಿಕ್ ಪರದೆ ಬೇರೆ. ನಿನ್ನ ಮನೆಯಲ್ಲಿ ಅವಳಿಗೆ ಗುಣವಾದದ್ದು ಮೃತ್ತಿಕೆಯಿಂದಲ್ಲ, ಅಲ್ಲಿ ಹಕ್ಕಿ ಇರಲಿಲ್ಲ. ನಿನ್ನ ಹರಕೆ, ನನ್ನ ಗೂಡು, ಎರಡೂ ಸೇರಿ

*

ಬಾಲಾನಗರ
೨೫ ಆಗಸ್ಟ್ ೨೦೨೪

ಅಕ್ಕಾ,

ಆರಾಧನೆ ಚೆನ್ನಾಗಿ ಆಯಿತು. ಚಂದ್ರಕಾಂತನೂ ಬಂದಿದ್ದ.

ಒಂದು ಬೇಸರದ ಸುದ್ದಿ. ಕಾಲೊನಿಯ ಸಂಘದವರು ಗಲೀಜು ಅಂತ ತಕರಾರು ತೆಗೆದು ಗೂಡು ತೆಗೆಸಿದರು, ಬಾಲ್ಕನಿಗೆ ಬಲೆ ಹಾಕಿಸಿದರು. ಏನು ಮಾಡುವುದು, ನಾಲ್ಕು ಜನರ ನಡುವೆ ಬದುಕಬೇಕು. ಹಕ್ಕಿಗಳು ಬೇರೆ ಊರಿಗೆ ಹೋದವು ಅಂತ ಲಹರಿಗೆ ಹೇಳಿದ್ದೇವೆ. ನೀನೂ ಆ ಮಾತು ಎತ್ತಬೇಡ. ರಾಯರಿಗೆ ನಮ್ಮ ಕಷ್ಟ ತಿಳಿಯುತ್ತದೆ.

ಮನೆಗೆ ಸುಣ್ಣ ಬಣ್ಣ ಆಗಬೇಕು. ಚಂದ್ರಕಾಂತ ಮಾತ್ರೆ ಬದಲಿಸಿದ್ದಾನೆ, ಹವಾ ಬದಲಾದರೆ ಒಳ್ಳೆಯದು ಅಂತಾನೆ. ದಸರಾ ರಜೆ ಮುಗಿಯುವವರೆಗೆ ಅವಳು ನಿನ್ನಲ್ಲೇ ಇರಲಿ. ಶಾಲೆಯವರಿಗೆ ಹೇಳಿದ್ದೇನೆ. ಅರವಿಂದ ಕರೆತರುತ್ತಾನೆ.

ನಿನ್ನ ಆರೋಗ್ಯ ನೋಡಿಕೋ. ಚಿಂತೆ ಮಾಡಬೇಡ.

ಹನುಮಂತ

*

ರಾಯಚೂರು
೨೨ ಸೆಪ್ಟೆಂಬರ್ ೨೦೨೪

ಹನುಮಂತ,

ಮನಸ್ಸು ತುಂಬಿ ಈ ಪತ್ರ ಬರೆಯುತ್ತಿದ್ದೇನೆ.

ಲಹರಿ ಬಂದ ಮೊದಲ ವಾರ ನಿನ್ನ ಮಾತ್ರೆ ನುಂಗಿಕೊಂಡು ಚೆನ್ನಾಗಿದ್ದಳು. ಆಮೇಲೆ ನನ್ನ ಜೋಳದ ಡಬ್ಬಿ ದಿನದಿನಕ್ಕೆ ತಗ್ಗತೊಡಗಿತು. ಇಲಿ ಅಂದುಕೊಂಡೆ. ಬಂಡೆಮ್ಮನನ್ನು ಸುಮ್ಮನೆ ಗದರಿದೆ, ಪಾಪ. ಮೊನ್ನೆ ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದರೆ ಏನು ಕಾಣಲಿ! ಹಳೇ ಸೌದೆಯ ಕೋಣೆಯಲ್ಲಿ ನಿನ್ನ ಮೊಮ್ಮಗಳು ಕೂತಿದ್ದಾಳೆ, ಸುತ್ತ ಹತ್ತಾರು ಪಾರಿವಾಳ. ತೊಡೆಯ ಮೇಲೊಂದು. ನನ್ನನ್ನು ನೋಡಿ ಹೆದರಿ, ಎದ್ದು ಬಂದು ಕಿವಿಗೆ ಬಾಯಿಟ್ಟು, "ಅಜ್ಜಿ, ಬೈಬ್ಯಾಡ. ಬ್ಯಾರೆ ಊರಿಗಿ ಹೋದ ಹಕ್ಕಿ ಇಲ್ಲೇ ಬಂದಾವ" ಅಂದಳು.

ನಾನು ಬೈಯಲೇ? ಬಾಚಿ ಅಪ್ಪಿಕೊಂಡೆ. ನೀವು ದೊಡ್ಡವರು ಸಂಘದವರಿಗೆ ಹೆದರಿ ಕೈಬಿಟ್ಟ ಹರಕೆಯನ್ನು ಏಳು ವರ್ಷದ ಕೂಸು ಒಬ್ಬಳೇ ಹೊತ್ತಿದೆ. ನಿನಗೆ ನಾಚಿಕೆಯಾಗಲಿ. ಈಗ ನಾನೂ ಜೊತೆಗೆ ಕೂರುತ್ತೇನೆ. ರಾತ್ರಿ ಬೆಕ್ಕಿನ ಕಾಟ ಅಂತ ಹಕ್ಕಿಗಳನ್ನು ಕೋಣೆಯೊಳಗೇ ಬಿಟ್ಟು ಬಾಗಿಲು ಹಾಕುತ್ತೇವೆ. ಮಧ್ಯಾಹ್ನದ ನಿದ್ದೆಯೂ ಅವಳದು ಅಲ್ಲೇ, ಚಾಪೆ ಹಾಸಿಕೊಂಡು.

ಕೆಮ್ಮು ಸ್ವಲ್ಪ ತಿರುಗಿದೆ. ಫೋನಿನಲ್ಲಿ ಶ್ರೀವಿದ್ಯಾ ಕೇಳಿದಾಗ ಹೇಳಬೇಡ ಅಂತ ಲಹರಿಗೆ ನಾನೇ ಸನ್ನೆ ಮಾಡಿದೆ. ಹೇಳಿದರೆ ಓಡಿಬಂದು ಕರೆದೊಯ್ಯುತ್ತೀರಿ, ಮತ್ತೆ ಹರಕೆ ನಿಲ್ಲುತ್ತದೆ. ಎರಡು ದಿನದಿಂದ ತುಟಿ ಬಣ್ಣಗೆಟ್ಟ ಹಾಗೆ ಕಾಣುತ್ತದೆ, ನೇರಳೆ ಹಣ್ಣು ತಿಂದಿರಬೇಕು ಅಂದಳು ಬಂಡೆಮ್ಮ. ಈ ಕಾಲದಲ್ಲಿ ನೇರಳೆ ಎಲ್ಲಿ ಸಿಕ್ಕಿತೋ.

ಕಮಲಕ್ಕ

*

ಹೈದರಾಬಾದ್, ಆಸ್ಪತ್ರೆಯಿಂದ
೨ ಅಕ್ಟೋಬರ್ ೨೦೨೪

ಅಕ್ಕಾ,

ಆ ದಿನ ಅರವಿಂದ ಹೇಳದೆ ಕೇಳದೆ ಕಾರಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು ಹೊರಟ, ನಿನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವನ ಮೇಲೆ ಸಿಟ್ಟು ಬೇಡ. ನಿನ್ನ ಪತ್ರ ಓದಿ ನಾನು ಕೂಗಿದ ಕೂಗು ಅವನ ಕಿವಿಯಲ್ಲಿತ್ತು.

ಆಗಸ್ಟಿನಲ್ಲಿ ನಿನಗೆ ಬರೆದದ್ದು ಸುಳ್ಳು. ಸಂಘದವರು ಏನೂ ಅನ್ನಲಿಲ್ಲ. ಗೂಡು ಕಿತ್ತವನು ನಾನೇ. ನಿಜ ಬರೆದು ಅರ್ಧಕ್ಕೇ ನಿಲ್ಲಿಸಿದ ಪತ್ರ ಇದರ ಜೊತೆಗಿದೆ, ಓದಿಕೋ. ನಿನ್ನ ಹರಕೆಯೇ ಮಗುವಿನ ಉಸಿರು ತಿಂದಿತು ಅಂತ ಬರೆಯಲು ನನ್ನ ಕೈ ಬರಲಿಲ್ಲ. ಅಕ್ಕನಿಗೆ ನೋವಾಗದಿರಲಿ ಅಂತ ಸುಳ್ಳು ಹೇಳಿ, ಅದೇ ಅಕ್ಕನ ಮನೆಗೆ ಮಗುವನ್ನು ಕಳಿಸಿದೆ. ನಿಜ ಗೊತ್ತಿದ್ದರೆ ಮಾಳಿಗೆಯ ಬಾಗಿಲಿಗೆ ನೀನೇ ಬೀಗ ಹಾಕುತ್ತಿದ್ದೆ.

ಆಮ್ಲಜನಕ ಹಾಕಿದ್ದಾರೆ. ಕಲೆ ಕಟ್ಟಿದ ಭಾಗ ಇನ್ನು ಸರಿಹೋಗುವುದಿಲ್ಲ. ಉಳಿದದ್ದು ಉಳಿಯಬೇಕಾದರೆ ಹಕ್ಕಿಯ ಧೂಳು ಇನ್ನೊಂದು ಸಲ ಅವಳ ಎದೆಗೆ ಹೋಗಬಾರದು ಅಂತ ಚಂದ್ರಕಾಂತ ಕೈಮುಗಿದು ಹೇಳಿದ. ಇನ್ನೊಂದೇ ಒಂದು ಸಲವೂ.

ಆದರೆ ಲಹರಿ ಕೇಳುತ್ತಿಲ್ಲ. ನಿನ್ನೆ ಊಟದ ತಟ್ಟೆಯಿಂದ ಅನ್ನ ತೆಗೆದು ದಿಂಬಿನ ಕೆಳಗೆ ಬಚ್ಚಿಟ್ಟಿದ್ದಳು. ಕಿಟಕಿಯಾಚೆ ಎ.ಸಿ. ಡಬ್ಬಿಯ ಮೇಲೆ ಒಂದು ಪಾರಿವಾಳ ಕೂರುತ್ತದೆ. ನರ್ಸ್ ಆಚೆ ಹೋದ ಹೊತ್ತಿನಲ್ಲಿ ಮೂಗಿನ ಕೊಳವೆ ತೆಗೆದು, ಮಂಚ ಇಳಿದು, ಕಿಟಕಿಯ ಚಿಲಕಕ್ಕೆ ಕೈ ಹಾಕಿದ್ದಳಂತೆ. ಹಿಡಿದು ಮಲಗಿಸಿದರೆ ನನ್ನನ್ನೇ ಕೇಳಿದಳು:

"ಹಾಕದಿದ್ರ ನಾ ಸಾಯ್ತೀನಲ್ಲ ಅಜ್ಜಾ? ರಾಯಚೂರಜ್ಜಿ ಬರದಾಳಲ್ಲ."

ಎಲ್ಲ ಬಿಡಿಸಿ ಹೇಳಿದೆ. ನಂಬಲಿಲ್ಲ. "ನೀ ಹಕ್ಕಿ ಬ್ಯಾರೆ ಊರಿಗಿ ಹೋದ್ವು ಅಂತನೂ ಸುಳ್ಳು ಹೇಳಿದ್ದಿ" ಅಂದಳು.

ಮಾತು ಕೊಟ್ಟವಳು ನೀನು. ಮುಗಿಯಿತು ಅಂತ ನೀನು ಹೇಳಿದರೆ ಮಾತ್ರ ಅವಳಿಗೆ ಮುಗಿಯುತ್ತದೆ. ಬೇಗ ಬಾ ಅಕ್ಕಾ. ಕಿಟಕಿಯ ಹತ್ತಿರ ನಾನೇ ಕೂತಿದ್ದೇನೆ.

ಹನುಮಂತ

*

ರಾಯಚೂರು
೫ ಅಕ್ಟೋಬರ್ ೨೦೨೪

ಹನುಮಂತ,

ವಿಜಯಕುಮಾರ ನಾಳೆ ಕೆಲಸದ ಮೇಲೆ ಬಾಲಾನಗರಕ್ಕೆ ಬರುತ್ತಾನೆ, ಈ ಚೀಟಿ ಅವನ ಕೈಲಿ. ನಾನು ನಾಡಿದ್ದು ಬೆಳಗಿನ ಬಸ್ಸಿಗೆ.

ಎರಡು ಪತ್ರವನ್ನೂ ಓದಿದೆ. ಅರ್ಥವಾಗದ ಮಾತು ಒಂದೂ ಇರಲಿಲ್ಲ. ಬಂಡೆಮ್ಮ ಮತ್ತು ನಾನು ಸೇರಿ ಸೌದೆಯ ಕೋಣೆ ತೊಳೆದು ಬೀಗ ಹಾಕಿದೆವು. ಹಕ್ಕಿಗಳು ಹೋಗಲಿಲ್ಲ. ಬೆಳಗಿನಿಂದ ಮಾಳಿಗೆಯ ಗೋಡೆಯ ಮೇಲೆ ಸಾಲಾಗಿ ಕೂತಿವೆ. ತಟ್ಟೆ ಬಡಿದು ಓಡಿಸಿದೆ. ಏಳುತ್ತವೆ, ಸುತ್ತುತ್ತವೆ, ಅಲ್ಲೇ ಕೂರುತ್ತವೆ. ನನಗೆ ಅವುಗಳ ಸದ್ದು ಕೇಳುವುದಿಲ್ಲ, ಅವು ನನ್ನನ್ನು ನೋಡುವುದು ಮಾತ್ರ ಕಾಣುತ್ತದೆ.

ಬಂದು ಮಗುವಿಗೆ ಹೇಳುತ್ತೇನೆ. ರಾಯರು ಕನಸಿನಲ್ಲಿ ಬಂದು ಹರಕೆ ತೀರಿತು ಅಂದರು ಅಂತ ಹೇಳುತ್ತೇನೆ. ಅಂಥ ಕನಸು ನನಗೆ ಬಿದ್ದಿಲ್ಲ. ನೀನು ನನ್ನ ಸಲುವಾಗಿ ಸುಳ್ಳು ಹೇಳಿದೆ, ನಾನು ಅವಳ ಸಲುವಾಗಿ ಹೇಳುತ್ತೇನೆ.

ನನ್ನ ಭಯ ಒಂದೇ. ಆ ಹುಡುಗಿ ಮುಖ ಓದುತ್ತಾಳೆ. ನಿನ್ನ ಪುಸ್ತಕದ ಮಾತೇ ನಿಜ ಅಂತ ನನ್ನ ತಲೆ ಒಪ್ಪಿದೆ ತಮ್ಮಾ, ಎದೆ ಒಪ್ಪುತ್ತಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಅವಳು ಉಸಿರಾಡಿದ್ದು ನಾನು ಮಾತು ಕೊಟ್ಟ ದಿನವೇ. ಈಗ ನಾನೇ ಮಾತು ಮುರಿದ ದಿನ ಏನಾದರೂ ಆದರೆ?

ಸಂಜೆಯವರೆಗೂ ಗಟ್ಟಿ ಮನಸ್ಸು ಮಾಡಿಕೊಂಡು ಕೂತಿದ್ದೆ. ದೀಪ ಹಚ್ಚಿದ ಮೇಲೆ ಮಾಳಿಗೆ ಹತ್ತಿ ಒಂದು ಹಿಡಿ ಹಾಕಿಬಂದೆ. ಅವಳು ಇಲ್ಲಿಲ್ಲವಲ್ಲ, ಇವತ್ತಿಗೊಂದು ದಿನ ಅಂತ. ಇನ್ನೊಂದು ಹಿಡಿ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಿದ್ದೇನೆ. ಆಸ್ಪತ್ರೆ ಬರುವ ಮೊದಲು ದಾರಿಯಲ್ಲಿ ಎಲ್ಲಾದರೂ ಚೆಲ್ಲಿಬಿಡುತ್ತೇನೆ.

ನಾನು ಬಂದ ಕೂಡಲೇ ಸೆರಗಿನ ಗಂಟು ನೋಡು. ಚೆಲ್ಲಿರದಿದ್ದರೆ ನನ್ನನ್ನು ಒಳಗೆ ಬಿಡಬೇಡ.

ಕಮಲಕ್ಕ